ಹಳೆ ಅಂಬಾಸಿಡರ್, ಪದ್ಮಿನಿ ವೈರಿಂಗ್: ಫ್ಯೂಸ್ ಬಾಕ್ಸ್ ಬದಲಿಸಿದರೆ ಸಾಕೇ, ಪೂರ್ತಿ ಬಿಚ್ಚಬೇಕೇ?

ಹೆಡ್‌ಲೈಟು ಚಿಮಣಿ ದೀಪದಂತೆ ಮಿಣುಕುತ್ತದೆ. ಹಾರ್ನ್ ಒತ್ತಿದರೆ ಇದ್ದ ಬೆಳಕೂ ಕುಂದುತ್ತದೆ. ಅರ್ಧ ತಾಸು ಓಡಿಸಿ ಫ್ಯೂಸ್ ಬಾಕ್ಸ್ ಮುಟ್ಟಿದರೆ ಕೈ ಚುರ್ ಎನ್ನುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಹಳೆ ಕಾರು ಇಟ್ಟುಕೊಂಡವರಿಗೆ ಇದೆಲ್ಲ ಹೊಸದಲ್ಲ. ಎಲೆಕ್ಟ್ರಿಶಿಯನ್ ಹತ್ತಿರ ಹೋದರೆ ಒಬ್ಬ ‘ಫ್ಯೂಸ್ ಬಾಕ್ಸ್ ಬದಲಿಸಿದ್ರೆ ಸಾಕ್ರಿ’ ಎನ್ನುತ್ತಾನೆ, ಇನ್ನೊಬ್ಬ ‘ವೈರಿಂಗ್ ಎಲ್ಲಾ ಹೋಗೈತ್ರಿ, ಹೊಸದು ಹಾಕಿಸ್ಬಿಡ್ರಿ’ ಎನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಯಾವ ಮಾತು ನಿಮ್ಮ ಗಾಡಿಗೆ ಹೊಂದುತ್ತದೆ ಎಂದು ನೀವೇ ಅಳೆದು ನೋಡಬಹುದು. ಅದಕ್ಕೆ ಒಂದು ಮಲ್ಟಿಮೀಟರ್, ಒಂದು ಬ್ಲೇಡು, ಒಂದು ಭಾನುವಾರದ ಬೆಳಗು ಸಾಕು.

ದಾರಿಗಳು ನಾಲ್ಕು. ಇದ್ದ ಫ್ಯೂಸ್ ಬಾಕ್ಸನ್ನೇ ರಿಪೇರಿ ಮಾಡಿ ಉಳಿಸಿಕೊಳ್ಳುವುದು. ಹಳೆ ವೈರಿಂಗ್ ಇಟ್ಟುಕೊಂಡು ಬ್ಲೇಡ್ ಫ್ಯೂಸ್ (ಈಗಿನ ಕಾರುಗಳ ಚಪ್ಪಟೆ ಫ್ಯೂಸ್) ಬಾಕ್ಸ್ ಮತ್ತು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್ಚು) ಸೇರಿಸುವುದು. ಅಂಗಡಿಯಲ್ಲಿ ಸಿಗುವ ರೆಡಿ ವೈರಿಂಗ್ ಕಿಟ್ ತಂದು ಹಾಕುವುದು. ಮೀಟರ್ ಲೆಕ್ಕದಲ್ಲಿ ವೈರು ತಂದು ಪೂರ್ತಿ ಹೊಸದಾಗಿ ಕಟ್ಟಿಸುವುದು. ಇವುಗಳಲ್ಲಿ ಯಾವುದು ಎಂಬುದಕ್ಕೆ ಮೊದಲು ಅಳತೆಗೋಲು ಬೇಕು.

ಮೊದಲು ನೋಡಬೇಕಾದದ್ದು

ಎಲ್ಲಕ್ಕಿಂತ ದೊಡ್ಡದು ವೈರಿನ ಮೈ. ಬ್ಯಾಟರಿಯ ಟರ್ಮಿನಲ್ ಬಿಚ್ಚಿ, ನಾಲ್ಕು ಕಡೆ ವೈರು ಹಿಡಿದು ನೋಡಿ: ಹೆಡ್‌ಲೈಟ್ ಹಿಂದೆ, ಸೈಲೆನ್ಸರ್ ಮ್ಯಾನಿಫೋಲ್ಡ್ ಮೇಲ್ಗಡೆ, ಫ್ಯೂಸ್ ಬಾಕ್ಸಿನ ಬೆನ್ನಿಗೆ, ಎಂಜಿನ್ನಿನಿಂದ ಒಳಗೆ ಬರುವ ರಬ್ಬರ್ ತೂತಿನ ಬಳಿ. ವೈರನ್ನು ಪೆನ್ಸಿಲ್ ದಪ್ಪಕ್ಕೆ ಮಡಚಿದಾಗ ಮೇಲಿನ ಪ್ಲಾಸ್ಟಿಕ್ ಚಟ್ಟನೆ ಸೀಳಿದರೆ, ಒಣ ಬಳ್ಳಿಯಂತೆ ಪುಡಿಯಾದರೆ, ಆ ವೈರಿನ ಕಥೆ ಮುಗಿದಂತೆ. ಮಡಚಿಕೊಂಡರೆ ಮುಂದಿನ ಪರೀಕ್ಷೆ: ತುದಿಯಲ್ಲಿ ಒಂದಿಂಚು ಸುಲಿಯಿರಿ. ತಾಮ್ರ ಕೆಂಪಗೆ ಹೊಳೆದರೆ ಸರಿ. ಕಪ್ಪಾಗಿದ್ದರೆ ಇನ್ನೆರಡು ಇಂಚು ಒಳಗೆ ಹೋಗಿ. ಅಲ್ಲೂ ಕಪ್ಪು ಎಂದರೆ ಹೊಸ ಲಗ್ಗು (ವೈರಿನ ತುದಿಗೆ ಕೂರಿಸುವ ಲೋಹದ ಕೊಂಡಿ) ಒತ್ತಿಸಿದರೂ ಒಳಗಿನ ಎಳೆಗಳು ಕರೆಂಟು ಸರಿಯಾಗಿ ಹಿಡಿಯುವುದಿಲ್ಲ. ನಾಲ್ಕು ಜಾಗದಲ್ಲಿ ಒಂದೇ ಕಡೆ ಕೆಟ್ಟಿದ್ದರೆ ಅದು ಜಾಗದ ತೊಂದರೆ, ಆ ತುಂಡು ಬದಲಿಸಬಹುದು. ಮೂರು ಕಡೆ ಕೆಟ್ಟಿದ್ದರೆ ಮೊದಲೆರಡು ದಾರಿಗಳನ್ನು ಇಲ್ಲಿಗೇ ಮರೆತುಬಿಡಿ.

ಎರಡನೆಯದು ಲೋಡ್ ಲೆಕ್ಕ. 60/55 ವ್ಯಾಟಿನ ಎರಡು ಬಲ್ಬು ಹೈ ಬೀಮ್ (ದೂರದ ಬೆಳಕು) ಅಥವಾ ಡಿಪ್ಪಿನಲ್ಲಿ (ಹತ್ತಿರದ ಬೆಳಕು) ಸುಮಾರು 10 ಆಂಪಿಯರ್ ಎಳೆಯುತ್ತವೆ. ಪಾರ್ಕಿಂಗ್, ಟೇಲ್, ನಂಬರ್ ಪ್ಲೇಟ್, ಮೀಟರ್ ದೀಪ ಎಲ್ಲ ಸೇರಿ 3. ಇಗ್ನಿಷನ್ ಕಾಯಿಲ್ 4. ವೈಪರ್ 3ರಿಂದ 4. ರಾತ್ರಿ ಮಳೆಯಲ್ಲಿ ಓಡಿಸಿದರೆ 20 ದಾಟಿತು. ಬ್ರೇಕ್ ಲೈಟು, ಇಂಡಿಕೇಟರ್, ಹಾರ್ನ್ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಹಳೆ ಅಂಬಾಸಿಡರಿನ ಲೂಕಸ್ ಕಂಪನಿಯ ಸಿ40 ಡೈನಮೊ (ಬ್ಯಾಟರಿ ಚಾರ್ಜ್ ಮಾಡುವ ಹಳೆ ಬಗೆಯ ಜನರೇಟರ್) ಕೊಡುವುದು ಹೆಚ್ಚೆಂದರೆ 22 ಆಂಪಿಯರ್, ಅದೂ ಎಂಜಿನ್ ಓಟದಲ್ಲಿದ್ದಾಗ. ಐಡಲಿಂಗ್‌ನಲ್ಲಿ ಏನೂ ಕೊಡುವುದಿಲ್ಲ ಎಂದರೂ ನಡೆಯುತ್ತದೆ. ಈ ಗಾಡಿಗೆ ಎಸಿ ಹಾಕಿಸಿದರೆ ಬ್ಲೋವರ್, ಕಂಡೆನ್ಸರ್ ಫ್ಯಾನ್, ಕ್ಲಚ್ ಸೇರಿ ಇನ್ನೊಂದು 20 ಆಂಪಿಯರ್ ಕೂಡಿಕೊಳ್ಳುತ್ತದೆ. ಆಲ್ಟರ್ನೇಟರ್ (ಡೈನಮೊ ಜಾಗಕ್ಕೆ ಬರುವ, ಹೆಚ್ಚು ಕರೆಂಟು ಕೊಡುವ ಜನರೇಟರ್) ಇಲ್ಲದೆ ಅದು ಆಗದ ಮಾತು. ಆದ್ದರಿಂದ ವೈರಿಂಗ್ ಆರಿಸುವ ಮೊದಲೇ ಮುಂದಿನ ಎರಡು ಮೂರು ವರ್ಷದಲ್ಲಿ ಗಾಡಿಗೆ ಏನೇನು ಸೇರಿಸುತ್ತೀರಿ ಎಂದು ಒಂದು ಚೀಟಿಯಲ್ಲಿ ಬರೆದಿಡಿ.

ಮೂರನೆಯದು ನಮ್ಮ ಊರುಗಳ ಬಿಸಿಲು, ಧೂಳು, ಇಲಿ. ಏಪ್ರಿಲ್-ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟಿರುವಾಗ ಬಾನೆಟ್ ಕೆಳಗೆ ಎಂಜಿನ್ ಮಗ್ಗುಲಿನ ವೈರು ಅದರ ಎರಡರಷ್ಟು ಬಿಸಿ ಕಾಣುತ್ತದೆ. ಮನೆ ವೈರಿಂಗಿನ ಸಾಮಾನ್ಯ ಪಿವಿಸಿ ವೈರು 70 ಡಿಗ್ರಿಗೆ ಮಾಡಿದ್ದು. ಅದನ್ನು ತಂದು ಎಂಜಿನ್ ಮೇಲೆ ಹಾಯಿಸಿದರೆ ನಾಲ್ಕೈದು ಬೇಸಿಗೆಯಲ್ಲಿ ಬಿರುಸಾಗುತ್ತದೆ. ಸಂಡೂರು, ತೋರಣಗಲ್ಲು ಕಡೆಯ ಕೆಂಧೂಳು ಮಳೆಗಾಲದ ತೇವ ಹಿಡಿದು ತೆರೆದ ಫ್ಯೂಸ್ ಕ್ಲಿಪ್ ಮೇಲೆ ಗಟ್ಟಿ ಪದರವಾಗಿ ಕೂರುತ್ತದೆ. ಗಂಗಾವತಿ, ಸಿಂಧನೂರಿನ ಭತ್ತದ ಸೀಮೆಯಲ್ಲಿ ಗಾಡಿ ತಿಂಗಳಾನುಗಟ್ಟಲೆ ನಿಂತರೆ ಕಾಟ ಬೇರೆ ಥರದ್ದು: ಏರ್ ಕ್ಲೀನರ್ ಮಗ್ಗುಲಲ್ಲಿ ಇಲಿಗಳು ಹೊಟ್ಟು ತಂದು ಗೂಡು ಕಟ್ಟಿ, ಪಕ್ಕದ ವೈರಿನ ಮೇಲಿನ ಪ್ಲಾಸ್ಟಿಕ್ಕನ್ನು ಮಾತ್ರ ನೀಟಾಗಿ ಸುಲಿದು ತಾಮ್ರ ಬಿಟ್ಟಿರುತ್ತವೆ.

ಉಳಿದದ್ದು ಬಳಕೆ ಮತ್ತು ಮೂಲ ರೂಪ. ರಾತ್ರಿ ಹನ್ನೊಂದಕ್ಕೆ ಮಸ್ಕಿ ದಾಟಿದ ಮೇಲೆ ಫ್ಯೂಸ್ ಹೋದರೆ ಬ್ಲೇಡ್ ಫ್ಯೂಸ್ ಯಾವ ಡಾಬಾ ಪಕ್ಕದ ಅಂಗಡಿಯಲ್ಲಾದರೂ, ನಿಂತ ಯಾವ ಕಾರಿನವರ ಹತ್ತಿರವಾದರೂ ಸಿಕ್ಕೀತು. ಪದ್ಮಿನಿಯ ಪಿಂಗಾಣಿ ಫ್ಯೂಸ್ ಸಿಗುವುದಿಲ್ಲ. ಇನ್ನು 50 ವರ್ಷ ದಾಟಿದ ಗಾಡಿಗೆ 2021ರ ಕೇಂದ್ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿ ಮಾಡಿಸುವ ಯೋಚನೆ ಇದ್ದರೆ, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು ಎಂಬುದು ಅಲ್ಲಿನ ಮಾತು. ವೈರಿಂಗಿನ ಹೆಸರು ಅದರಲ್ಲಿಲ್ಲ. ಆದರೂ ಅಂಥ ಗಾಡಿಯಲ್ಲಿ ಮತ್ತೆ ಹಿಂದಕ್ಕೆ ತರಬಹುದಾದ ಕೆಲಸವೇ ಮೇಲು. ತೂತು ಕೊರೆಯುವ, ಮೂಲ ವೈರು ಕತ್ತರಿಸುವ ಕೆಲಸ ಬೇಡ.

ಇದ್ದದ್ದನ್ನೇ ಉಳಿಸಿಕೊಳ್ಳುವುದು

ವೈರು ಮಡಚುವ ಪರೀಕ್ಷೆ ಪಾಸಾಗಿ, ಲೋಡ್ ಕಾರ್ಖಾನೆಯಿಂದ ಬಂದಷ್ಟೇ ಇದ್ದು, ಗಾಡಿ ವಾರಕ್ಕೊಮ್ಮೆ ಹಗಲಲ್ಲಿ ಮಾತ್ರ ಹೊರಬರುವುದಾದರೆ ಇದೇ ಸಾಕು. ಖರ್ಚು ನಾಲ್ಕರಲ್ಲಿ ಅತಿ ಕಡಿಮೆ, ಕೆಲಸ ಅರ್ಧ ದಿನದ್ದು.

ಫ್ಯೂಸ್ ಬಾಕ್ಸ್ ಬಿಸಿಯಾಗುವುದಕ್ಕೆ ಫ್ಯೂಸಿಗಿಂತ ಹೆಚ್ಚಾಗಿ ಅದನ್ನು ಹಿಡಿಯುವ ಹಿತ್ತಾಳೆ ಕ್ಲಿಪ್ಪು ಮತ್ತು ಕ್ಲಿಪ್ಪನ್ನು ಹಿಂದಿನ ಟರ್ಮಿನಲ್ಲಿಗೆ ಸೇರಿಸುವ ರಿವೆಟ್ ಕಾರಣ. ಲೋಡ್ ಹಾಕಿ, ಮಲ್ಟಿಮೀಟರಿನ ಒಂದು ಕಡ್ಡಿ ಒಳಬರುವ ಟರ್ಮಿನಲ್ಲಿಗೆ, ಇನ್ನೊಂದು ಹೊರಹೋಗುವ ಟರ್ಮಿನಲ್ಲಿಗೆ ಹಿಡಿಯಿರಿ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ, 10 ಆಂಪಿಯರಿನಲ್ಲಿ 2 ವ್ಯಾಟ್ ಶಾಖ ಆ ಚಿಕ್ಕ ರಿವೆಟ್ಟಿನಲ್ಲೇ ಹುಟ್ಟುತ್ತಿದೆ ಎಂದರ್ಥ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಮೆತ್ತನೆ ಹಿತ್ತಾಳೆ ಬ್ರಷ್‌ನಿಂದ ಉಜ್ಜಿ, ಕ್ಲಿಪ್ಪನ್ನು ಇಕ್ಕಳದಲ್ಲಿ ಮೆಲ್ಲಗೆ ಒತ್ತಿ ಬಿಗಿ ಮಾಡಿ, ರಿವೆಟ್ ಸುತ್ತ ಬೆಸುಗೆ ಹಾಕಿಸಿ. ಉಪ್ಪು ಕಾಗದ ಬೇಡ. ಮೇಲಿನ ತವರದ ಲೇಪ ಹೋದರೆ ಆರು ತಿಂಗಳಲ್ಲಿ ಮತ್ತೆ ಹಸಿರು ಕಿಲುಬು.

ಇಲ್ಲಿ ಬಹಳ ಜನ ಎಡವುವ ಒಂದು ಕಡೆ ಇದೆ. ಲೂಕಸ್ ಗಾಜಿನ ಫ್ಯೂಸಿನ ಮೇಲೆ 35 ಎಂದು ಬರೆದಿದ್ದರೆ ಅದು ಸುಟ್ಟುಹೋಗುವ ಅಳತೆ. ಅದು ಸದಾ ಹೊರುವ ಕರೆಂಟು 17 ಆಂಪಿಯರ್ ಮಾತ್ರ. ಈಗಿನ ಬ್ಲೇಡ್ ಫ್ಯೂಸಿನ ಮೇಲಿನ ಅಂಕಿ, ಪದ್ಮಿನಿಯ ಪಿಂಗಾಣಿ ಫ್ಯೂಸಿನ 8, 16 ಎಂಬ ಅಂಕಿ ಹಾಗಲ್ಲ, ಅದು ಹೊರುವ ಅಳತೆ. ಹಳೆಯದರಲ್ಲಿ 35 ಇತ್ತು ಎಂದು ಹೊಸ ಲೆಕ್ಕದ 35 ಹಾಕಿದರೆ ಎರಡರಷ್ಟು ಕರೆಂಟು ಹರಿದರೂ ಫ್ಯೂಸ್ ಅಲುಗುವುದಿಲ್ಲ, ವೈರು ಮೊದಲು ಉರಿಯುತ್ತದೆ. ಲೂಕಸ್ 35ರ ಜಾಗಕ್ಕೆ ಬ್ಲೇಡಿನಲ್ಲಿ 15, ಹೆಚ್ಚೆಂದರೆ 20. ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವವರ ವಿಷಯ ಬಿಡಿ, ಅವರಿಗೆ ಈ ಲೇಖನವೂ ಬೇಡ.

ಈ ದಾರಿಯ ದೊಡ್ಡ ಕೊರತೆ ಏನೆಂದರೆ, ಹಳೆ ಅಂಬಾಸಿಡರಿನ ಎರಡು ಫ್ಯೂಸಿನ ಬಾಕ್ಸಿನಲ್ಲಿ ಹೆಡ್‌ಲೈಟಿಗೆ ಫ್ಯೂಸೇ ಇಲ್ಲ. ಒಂದು ಫ್ಯೂಸ್ ಹಾರ್ನಿನಂಥ ಸದಾ ಕರೆಂಟಿರುವ ಸಾಮಾನಿಗೆ, ಇನ್ನೊಂದು ಕೀಲಿ ತಿರುಗಿಸಿದ ಮೇಲೆ ಬರುವ ವೈಪರ್, ಬ್ರೇಕ್ ಲೈಟು, ಪೆಟ್ರೋಲ್ ಗೇಜಿಗೆ. ಬಾಕ್ಸನ್ನು ಎಷ್ಟು ಥಳಥಳ ಮಾಡಿದರೂ ಹೆಡ್‌ಲೈಟಿನ ವೈರು ಬಾಡಿಗೆ ತಾಗಿದ ದಿನ ಅದನ್ನು ತಡೆಯುವವರಿಲ್ಲ.

ಬ್ಲೇಡ್ ಬಾಕ್ಸ್ ಮತ್ತು ರಿಲೇ

ನಮ್ಮ ಕಡೆಯ ಮುಕ್ಕಾಲು ಗಾಡಿಗಳಿಗೆ ಹೊಂದುವುದು ಇದೇ. ಖರ್ಚು ಮೊದಲನೆಯದರ ನಾಲ್ಕೈದು ಪಟ್ಟು, ಕೆಲಸ ಒಂದೂವರೆ ದಿನ.

ಯಾಕೆ ಎಂಬುದನ್ನು ಲೆಕ್ಕದಲ್ಲೇ ನೋಡಿ. ಹಳೆ ಗಾಡಿಯಲ್ಲಿ ಹೆಡ್‌ಲೈಟಿನ ಕರೆಂಟು ಬ್ಯಾಟರಿಯಿಂದ ಆಂಪಿಯರ್ ಮೀಟರಿಗೆ ಬಂದು, ಲೈಟ್ ಸ್ವಿಚ್ಚು ಹಾಯ್ದು, ಕಾಲಡಿಯ ಡಿಪ್ಪರ್ ಸ್ವಿಚ್ಚಿಗೆ ಇಳಿದು, ಮತ್ತೆ ಮುಂದಕ್ಕೆ ಬಲ್ಬಿಗೆ ಹೋಗುತ್ತದೆ. ಆರು ಮೀಟರ್ ದಾರಿ ಎಂದುಕೊಳ್ಳಿ. 1.5 ಸ್ಕ್ವೇರ್ (ಚದರ ಮಿಲಿಮೀಟರ್) ತಾಮ್ರದ ವೈರಿನಲ್ಲಿ 10 ಆಂಪಿಯರಿಗೆ ಮುಕ್ಕಾಲು ವೋಲ್ಟ್ ವೈರಿನಲ್ಲೇ ಹೋಗುತ್ತದೆ, ಸ್ವಿಚ್ಚುಗಳ ಸವೆದ ಪಾಯಿಂಟುಗಳಲ್ಲಿ ಇನ್ನರ್ಧ ವೋಲ್ಟ್. ವೋಲ್ಟೇಜ್ ಶೇಕಡಾ 10 ಇಳಿದರೆ ಹ್ಯಾಲೊಜನ್ ಬಲ್ಬಿನ ಬೆಳಕು ಶೇಕಡಾ 30ರಷ್ಟು ಇಳಿಯುತ್ತದೆ. ಅದೇ ಬ್ಯಾಟರಿ ಪಕ್ಕದಲ್ಲಿ ರಿಲೇ ಕೂರಿಸಿ 4 ಸ್ಕ್ವೇರ್ ವೈರಿನಲ್ಲಿ ಒಂದೂವರೆ ಮೀಟರ್ ದಾರಿ ಕೊಟ್ಟರೆ ಆ ತುಂಡಿನಲ್ಲಿ ಕಳೆಯುವುದು ಒಂದು ವೋಲ್ಟಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಹಳೆ ಸ್ವಿಚ್ಚಿಗೆ ಉಳಿಯುವ ಕೆಲಸ ರಿಲೇ ಎಳೆಯುವಷ್ಟು, ಅಂದರೆ ಅರ್ಧ ಆಂಪಿಯರೂ ಇಲ್ಲ. ಎಲ್ಲೂ ಸಿಗದ ಆ ಲೈಟ್ ಸ್ವಿಚ್ಚು ಇನ್ನು ಇಪ್ಪತ್ತು ವರ್ಷ ಬಾಳೀತು. ಬೆಳಕು ಸಾಲದೆಂದು 100/90 ಬಲ್ಬು ಹಾಕುವವರು ಈ ಲೆಕ್ಕವನ್ನು ಉಲ್ಟಾ ಮಾಡುತ್ತಾರೆ: 17 ಆಂಪಿಯರ್ ಅದೇ ಹಳೆ ದಾರಿಯಲ್ಲಿ ಹರಿದು, ಬೆಳಕು ಅಷ್ಟೇನೂ ಹೆಚ್ಚದೆ, ಹೋಲ್ಡರ್ ಕರಗುತ್ತದೆ.

ಬೇಕಾದ ಸಾಮಾನು: 8 ಅಥವಾ 12 ದಾರಿಯ ಮುಚ್ಚಳ ಇರುವ ಬ್ಲೇಡ್ ಬಾಕ್ಸ್, 30/40 ಆಂಪಿಯರಿನ ನಾಲ್ಕು ಕಾಲಿನ ರಿಲೇ ಮೂರು ಮತ್ತು ಮೀಸಲಿಗೆ ಒಂದು, ಅವಕ್ಕೆ ಸಾಕೆಟ್, 30 ಆಂಪಿಯರಿನ ಮೇನ್ ಫ್ಯೂಸ್ ಹೋಲ್ಡರ್ ಸಮೇತ, 4 ಸ್ಕ್ವೇರ್ ವೈರು 3 ಮೀಟರ್, 2.5 ಸ್ಕ್ವೇರ್ 8 ಮೀಟರ್, 1 ಸ್ಕ್ವೇರ್ 5 ಮೀಟರ್, ಸ್ಲೀವ್ ಸಮೇತ 6.3 ಎಂಎಂ ಲಗ್ಗು ನಲವತ್ತು, ಬ್ಯಾಟರಿಗೆ 8 ಎಂಎಂ ರಿಂಗ್ ಲಗ್ಗು, ಒಳಗೆ ಅಂಟಿರುವ ಹೀಟ್ ಶ್ರಿಂಕ್ ಸ್ಲೀವ್.

ಬಾಕ್ಸ್ ಕೊಳ್ಳುವಾಗ ಹಿಂದೆ ತಿರುಗಿಸಿ ನೋಡಿ. ಕೆಲವು ಬಾಕ್ಸಿನಲ್ಲಿ ಎಲ್ಲ ಫ್ಯೂಸಿಗೂ ಒಂದೇ ಪಟ್ಟಿಯಿಂದ ಕರೆಂಟು ಹೋಗುತ್ತದೆ, ಕೆಲವದರಲ್ಲಿ ಪ್ರತಿ ಫ್ಯೂಸಿಗೆ ಬೇರೆ ಬೇರೆ ದಾರಿ. ಒಂದೇ ಪಟ್ಟಿಯದನ್ನು ತಂದು ಸದಾ ಕರೆಂಟಿನ ಸಾಮಾನು, ಕೀಲಿಯ ಮೇಲಿನ ಸಾಮಾನು ಎರಡನ್ನೂ ಅದಕ್ಕೆ ಹೊಂದಿಸಿದರೆ, ಕೀಲಿ ತೆಗೆದ ಮೇಲೂ ಗೇಜು, ಕಾಯಿಲ್‌ಗೆ ಕರೆಂಟು ಹೋಗುತ್ತಲೇ ಇರುತ್ತದೆ. ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿ, ಕಾಯಿಲ್ ಬೆಂದಿರುತ್ತದೆ. ಪ್ರತಿ ಫ್ಯೂಸಿಗೆ ಬೇರೆ ದಾರಿ ಇರುವುದನ್ನೇ ಕೊಳ್ಳಿ.

ಜೋಡಣೆ ಹೀಗೆ: ಬ್ಯಾಟರಿಯ ಪ್ಲಸ್ಸಿನಿಂದ ಗೇಣಿನೊಳಗೆ ಮೇನ್ ಫ್ಯೂಸ್, ಅಲ್ಲಿಂದ 4 ಸ್ಕ್ವೇರ್ ವೈರು ಹೈ ಬೀಮ್, ಡಿಪ್ ಎರಡೂ ರಿಲೇಗಳ 30ನೇ ಕಾಲಿಗೆ. 87ನೇ ಕಾಲಿನಿಂದ ಹೊರಟ ಕರೆಂಟು ಬ್ಲೇಡ್ ಬಾಕ್ಸಿನಲ್ಲಿ ಎರಡಾಗಿ ಒಡೆಯಲಿ: ಎಡ ಬಲ್ಬಿಗೆ ಒಂದು 10 ಆಂಪಿಯರ್ ಫ್ಯೂಸ್, ಬಲಕ್ಕೆ ಇನ್ನೊಂದು. ಹೈ ಬೀಮಿಗೆ ಎರಡು, ಡಿಪ್ಪಿಗೆ ಎರಡು, ಒಟ್ಟು ನಾಲ್ಕು ಫ್ಯೂಸ್ ಖರ್ಚಾದರೂ ಸರಿ. ಒಂದು ಹೋದರೆ ಇನ್ನೊಂದು ಕಣ್ಣು ಉರಿಯುತ್ತಿರುತ್ತದೆ. ಡಿಪ್ಪರಿನಿಂದ ಬಲ್ಬಿಗೆ ಹೋಗುತ್ತಿದ್ದ ಹಳೆ ವೈರು ಈಗ 86ನೇ ಕಾಲಿಗೆ, 85 ಬಾಡಿ ಅರ್ಥಿಗೆ. ಹಳೆ ವೈರನ್ನು ಕತ್ತರಿಸದೆ, ಹೆಡ್‌ಲೈಟ್ ಹಿಂದಿನ ಅದರ ಕನೆಕ್ಟರನ್ನು ಬಲ್ಬಿನಿಂದ ಬಿಡಿಸಿ ಅಲ್ಲಿಂದಲೇ 86ಕ್ಕೆ ವೈರು ತೆಗೆದುಕೊಂಡರೆ ಮುಂದೊಂದು ದಿನ ಎಲ್ಲ ಬಿಚ್ಚಿ ಮೊದಲಿನಂತೆ ಮಾಡಬಹುದು. ಮೂರನೇ ರಿಲೇ ಹಾರ್ನಿಗೆ. ಜೋಡಿ ಹಾರ್ನ್ 8ರಿಂದ 10 ಆಂಪಿಯರ್ ಎಳೆಯುವುದರಿಂದ ಅದಕ್ಕೆ 15ರ ಫ್ಯೂಸ್.

ಅರ್ಥಿಂಗ್ ಮಾತ್ರ ಮರೆಯಬೇಡಿ. ಪ್ಲಸ್ ಕಡೆ ಇಷ್ಟೆಲ್ಲ ಮಾಡಿ, ತುಕ್ಕು ಹಿಡಿದ ಹೆಡ್‌ಲೈಟ್ ಬುಟ್ಟಿಯ ಒಂದು ಸ್ಕ್ರೂವಿಗೆ ಅರ್ಥ್ ಬಿಟ್ಟರೆ ಬೆಳಕು ಎಂದಿನಂತೆಯೇ. ಎರಡೂ ಹೆಡ್‌ಲೈಟಿನಿಂದ 2.5 ಸ್ಕ್ವೇರ್ ಕಪ್ಪು ವೈರು ಎಳೆದು, ಪೇಂಟು ಕೆರೆದು ಬರಿ ಲೋಹ ಕಾಣುವ ಜಾಗಕ್ಕೆ ಬೋಲ್ಟ್ ಮಾಡಿ, ಮೇಲೆ ವ್ಯಾಸಲೀನ್ ಬಳಿಯಿರಿ. ಪರೀಕ್ಷೆ ಸುಲಭ: ಲೈಟು ಹಾಕಿ, ಬ್ಯಾಟರಿ ಮೈನಸ್ಸಿಗೂ ಬಲ್ಬಿನ ಅರ್ಥ್ ಕಾಲಿಗೂ ನಡುವೆ 0.2 ವೋಲ್ಟ್ ದಾಟಬಾರದು. ಪ್ಲಸ್ ಕಡೆ 0.5 ದಾಟಬಾರದು.

ಹಳೆಯ ಲೂಕಸ್ ಗಾಡಿಗಳಲ್ಲಿ ಬಾಡಿಗೆ ಪ್ಲಸ್ ಕೊಟ್ಟವೂ ಇವೆ. ನಿಮ್ಮದು ಹಾಗಿದ್ದರೆ ಡಯೋಡ್ ಇರುವ ರಿಲೇ, ಆಲ್ಟರ್ನೇಟರ್, ಮೊಬೈಲ್ ಚಾರ್ಜರ್ ಯಾವುದನ್ನೂ ನೋಡದೆ ಹಾಕಬೇಡಿ, ಹಾಕಿದ ಕ್ಷಣವೇ ಹೋಗುತ್ತದೆ. 6 ವೋಲ್ಟಿನ ಹಳೆ ಜೀಪಾದರೆ ಅದೇ ವ್ಯಾಟಿಗೆ ಕರೆಂಟು ಎರಡರಷ್ಟು, ಮೇಲಿನ ವೈರಿನ ಅಳತೆ ಎಲ್ಲ ಎರಡು ಹೆಜ್ಜೆ ಮೇಲಕ್ಕೆ.

ಈ ದಾರಿಯಲ್ಲಿ ಕಳೆದುಕೊಳ್ಳುವುದು ಏನು? ಹಿಂಬದಿಯ ದೀಪ, ಡ್ಯಾಶ್‌ಬೋರ್ಡ್, ಗೇಜುಗಳಿಗೆ ಹಳೆ ವೈರೇ ಉಳಿಯುತ್ತದೆ. ಒಂದೇ ಗಾಡಿಯಲ್ಲಿ ಎರಡು ಕಾಲದ ವೈರಿಂಗ್ ಕೂಡುವುದರಿಂದ ಮುಂದೆ ಕೈ ಹಾಕುವವನು ತಬ್ಬಿಬ್ಬಾಗುತ್ತಾನೆ. ಬಾಕ್ಸಿನ ಮುಚ್ಚಳದ ಒಳಗೆ ಯಾವ ಫ್ಯೂಸ್ ಯಾವುದಕ್ಕೆ ಎಂದು ಕನ್ನಡದಲ್ಲೇ ಬರೆದು ಅಂಟಿಸಿ.

ರೆಡಿ ಕಿಟ್

ಮಡಚಿದ ವೈರು ಸೀಳಿತು, ಆದರೆ ಗಾಡಿ ಕಾರ್ಖಾನೆಯಿಂದ ಬಂದಂತೆಯೇ ಇರಬೇಕು ಎನ್ನುವವರಿಗೆ ಇದು. ಅಂಬಾಸಿಡರ್, ಪದ್ಮಿನಿಯ ಕಿಟ್ಟುಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಬಹುದು, ದಿಲ್ಲಿಯ ಕಾಶ್ಮೀರಿ ಗೇಟಿನಿಂದ ತರಿಸುವವರೂ ಇದ್ದಾರೆ. ಖರ್ಚು ಎರಡನೇ ದಾರಿಯ ಎರಡು ಮೂರು ಪಟ್ಟು, ಕೂರಿಸಲು ಎರಡು ಮೂರು ದಿನ.

ಆರ್ಡರ್ ಕೊಡುವಾಗ ಬರೀ ‘ಅಂಬಾಸಿಡರ್ ಕಿಟ್’ ಎಂದರೆ ಏನು ಬರುತ್ತದೋ ದೇವರೇ ಬಲ್ಲ. ಮಾರ್ಕ್ (ಮಾದರಿಯ ಅಂಕಿ) ಎಷ್ಟು, ಪೆಟ್ರೋಲೋ ಡೀಸೆಲೋ, ಡೈನಮೊನೋ ಆಲ್ಟರ್ನೇಟರೋ, ಡಿಪ್ಪರ್ ಕಾಲಲ್ಲೋ ಸ್ಟೇರಿಂಗಲ್ಲೋ, ಇಷ್ಟನ್ನೂ ಹೇಳಿ, ಹಳೆಯ ಫ್ಯೂಸ್ ಬಾಕ್ಸಿನ ಫೋಟೋ ಕಳಿಸಿ. ಬಂದ ಮೇಲೆ ಹಣ ಪೂರ್ತಿ ಕೊಡುವ ಮೊದಲು ಎಳೆ ಎಣಿಸಿ. ಲೂಕಸ್ ಕಾಲದ ಲೆಕ್ಕದಲ್ಲಿ 0.30 ಎಂಎಂ ಎಳೆ 14 ಇದ್ದರೆ 1 ಸ್ಕ್ವೇರ್, 28 ಇದ್ದರೆ 2, 44 ಇದ್ದರೆ 3, 65 ಇದ್ದರೆ 4.5. ಹೆಡ್‌ಲೈಟಿನ ವೈರಿನಲ್ಲಿ 14 ಎಳೆ ಮಾತ್ರ ಕಂಡರೆ ಅದು ಹೊಸ ಬಟ್ಟೆ ತೊಡಿಸಿದ ಹಳೆ ತೊಂದರೆ. ಬಣ್ಣವನ್ನೂ ನೋಡಿ: ಕಂದು ಬ್ಯಾಟರಿಯಿಂದ ನೇರ, ಬಿಳಿ ಇಗ್ನಿಷನ್, ಹಸಿರು ಕೀಲಿಯ ಮೇಲಿನ ಫ್ಯೂಸ್ ದಾಟಿದ್ದು, ನೇರಳೆ ಸದಾ ಕರೆಂಟಿನ ಫ್ಯೂಸ್ ದಾಟಿದ್ದು, ನೀಲಿ ಹೆಡ್‌ಲೈಟು, ಕೆಂಪು ಪಾರ್ಕಿಂಗ್ ದೀಪ, ಕಪ್ಪು ಅರ್ಥ್. ಈ ಪದ್ಧತಿ ಪಾಲಿಸಿದ ಕಿಟ್ ಆದರೆ ಯಾವ ಊರಿನ ಹಳೆ ಎಲೆಕ್ಟ್ರಿಶಿಯನ್ನಾದರೂ ಡಯಾಗ್ರಾಮ್ ಇಲ್ಲದೆಯೇ ಹಿಡಿದುಬಿಡುತ್ತಾನೆ.

ಕಿಟ್ಟು ಹಳೆಯದರ ನಕಲು ಆದ್ದರಿಂದ ಹಳೆಯದರ ಕೊರತೆಯೂ ನಕಲಾಗಿ ಬರುತ್ತದೆ. ಹೆಡ್‌ಲೈಟಿಗೆ ಫ್ಯೂಸ್, ರಿಲೇ ಬೇಕೆಂದರೆ ಎರಡನೇ ದಾರಿಯ ಆ ಭಾಗವನ್ನು ಇದರ ಮೇಲೂ ಮಾಡಿಸಬೇಕು. ಎಸಿ ಹಾಕಿಸುವ ಯೋಚನೆ ಇದ್ದರೆ ಕಿಟ್ಟಿಗೆ ದುಡ್ಡು ಹಾಕಬೇಡಿ.

ಪೂರ್ತಿ ಹೊಸದಾಗಿ ಕಟ್ಟಿಸುವುದು

ಅತಿ ದುಬಾರಿ, ಐದಾರು ದಿನದ ಕೆಲಸ, ಅದೂ ಒಳ್ಳೆ ಕೈ ಸಿಕ್ಕರೆ. ಸರಿಯಾಗಿ ಆದರೆ ಇದಕ್ಕಿಂತ ಮೇಲಿನದಿಲ್ಲ. ದಿನಾ ಓಡುವ, ಎಸಿ ಇರುವ, ಎಂಜಿನ್ ಬದಲಾದ, ಅಥವಾ ಇಲಿ ಪೂರ್ತಿ ಕಡಿದ ಗಾಡಿಗೆ ಇದೇ ದಾರಿ. ಸೋರುವ ಬಾಡಿ, ಹೊಗೆ ಬಿಡುವ ಎಂಜಿನ್ ಇರುವ ಗಾಡಿಗೆ ಇದನ್ನು ಮಾಡಿಸುವುದು ಮಾತ್ರ ಮೂಗಿಗಿಂತ ಮೂಗುತಿ ಭಾರ.

ಒಳ್ಳೆ ಕೈ ಯಾವುದೆಂದು ಕೆಲಸ ಶುರುವಾದ ಮೊದಲ ತಾಸಿನಲ್ಲೇ ತಿಳಿಯುತ್ತದೆ. ಬಲ್ಲವನು ಹಳೆ ವೈರಿಂಗನ್ನು ಕತ್ತರಿಸದೆ ಇಡಿಯಾಗಿ ಹೊರತೆಗೆದು, ಎಂಟಡಿ ಪ್ಲೈವುಡ್ ಮೇಲೆ ಹಾಸಿ, ಪ್ರತಿ ಕವಲಿಗೆ ಮೊಳೆ ಹೊಡೆದು, ಪ್ರತಿ ತುದಿಗೆ ಚೀಟಿ ಕಟ್ಟಿ, ಆ ಮೊಳೆಗಳ ಸುತ್ತಲೇ ಹೊಸದನ್ನು ಕಟ್ಟುತ್ತಾನೆ. ಗಾಡಿಯೊಳಗೇ ಕೂತು ಒಂದೊಂದೇ ವೈರು ಎಳೆಯುತ್ತ, ತಿರುಚಿ, ಟೇಪ್ ಸುತ್ತುತ್ತ ಹೋಗುವವನ ಹತ್ತಿರ ಈ ಕೆಲಸ ಬೇಡ. ಮಾಮೂಲಿ ಇನ್ಸುಲೇಷನ್ ಟೇಪಿನ ಅಂಟು ರಾಯಚೂರಿನ ಮೇ ತಿಂಗಳಲ್ಲಿ ಬೆಲ್ಲದ ಪಾಕದಂತೆ ಇಳಿದು, ಟೇಪ್ ಜಾರಿ, ಒಳಗಿನ ಗಂಟು ಬಾಯಿ ಬಿಡುತ್ತದೆ. ಬಟ್ಟೆ ಟೇಪ್ ಇಲ್ಲವೇ ಅಂಟಿಲ್ಲದ ಪಿವಿಸಿ ಟೇಪ್ ಕೇಳಿ. ಕೀಲು ಬೇಕಾದ ಕಡೆ ಸರಿಯಾದ ಇಕ್ಕಳದಲ್ಲಿ ಒತ್ತಿದ ಲಗ್ಗೇ ಮೇಲು. ಬರೀ ಬೆಸುಗೆಯಾದರೆ ಸೀಸ ಎಳೆಗಳೊಳಗೆ ಏರಿ ವೈರು ಕಡ್ಡಿಯಂತಾಗಿ, ಅದಿರು ಲಾರಿ ಓಡಿ ಹಾಳಾದ ರಸ್ತೆಯ ಕುಲುಕಾಟಕ್ಕೆ ಬೆಸುಗೆ ಮುಗಿಯುವ ಅಂಚಿನಲ್ಲೇ ಮುರಿಯುತ್ತದೆ.

ವೈರು ಅಂಬಾಸಿಡರಿನ ಉದ್ದಕ್ಕೆ ಸುಮಾರು ಹೀಗೆ ಬೇಕಾಗುತ್ತದೆ: 6 ಸ್ಕ್ವೇರ್ 5 ಮೀಟರ್, 4 ಸ್ಕ್ವೇರ್ 6, 2.5 ಸ್ಕ್ವೇರ್ 25, 1.5 ಸ್ಕ್ವೇರ್ 30, 1 ಸ್ಕ್ವೇರ್ 60. ಗಾಡಿಗೆಂದೇ ಮಾಡಿದ ಆಟೋ ಕೇಬಲ್, ಎಂಜಿನ್ ಕಡೆಗೆ 105 ಡಿಗ್ರಿ ತಡೆಯುವಂಥದ್ದು. ಬಿಸಿಲಿನ ಊರಿಗೆ, ಗಂಟು ಕಟ್ಟಿದ ವೈರಿಂಗಿಗೆ ಫ್ಯೂಸ್ ಹೀಗಿರಲಿ: 1 ಸ್ಕ್ವೇರಿಗೆ ಹೆಚ್ಚೆಂದರೆ 10 ಆಂಪಿಯರ್, 1.5ಕ್ಕೆ 15, 2.5ಕ್ಕೆ 20, 4ಕ್ಕೆ 30, 6ಕ್ಕೆ 40. ಫ್ಯೂಸ್ ಇರುವುದು ವೈರನ್ನು ಕಾಯಲು, ಬಲ್ಬನ್ನಲ್ಲ. ಸದಾ ಹರಿಯುವ ಕರೆಂಟು ಫ್ಯೂಸಿನ ಅಂಕಿಯ ಮುಕ್ಕಾಲು ಭಾಗ ದಾಟಿದರೆ ಬೇಸಿಗೆಯಲ್ಲಿ ಕಾರಣವಿಲ್ಲದೆ ಹೋಗುತ್ತಿರುತ್ತದೆ. ಹಾಗೆ ಹೋಯಿತೆಂದು ದಪ್ಪ ಫ್ಯೂಸ್ ಹಾಕುವ ಮೊದಲು ವೈರನ್ನೂ ದಪ್ಪ ಮಾಡಬೇಕು.

ಆಲ್ಟರ್ನೇಟರ್ ಹಾಕಿಸುವವರು ಆಂಪಿಯರ್ ಮೀಟರ್ ಮರೆಯುತ್ತಾರೆ. 30ರವರೆಗೆ ತೋರಿಸುವ ಹಳೆ ಮೀಟರಿನೊಳಗೆ 45 ಆಂಪಿಯರ್ ಹರಿದರೆ ಅದರ ಹಿಂದಿನ ಬೋಲ್ಟೇ ಒಲೆಯಾಗುತ್ತದೆ. ಮೀಟರನ್ನು ನೋಟಕ್ಕೆ ಬಿಟ್ಟು, ಚಾರ್ಜಿಂಗ್ ವೈರನ್ನು ಫ್ಯೂಸ್ ಸಮೇತ ನೇರ ಬ್ಯಾಟರಿಗೆ ಕೊಡಿ, ಪಕ್ಕದಲ್ಲಿ ಚಿಕ್ಕ ವೋಲ್ಟ್ ಮೀಟರ್ ಇಡಿ. ಆಗ ಮೇನ್ ಫ್ಯೂಸೂ ಎಸಿ ಲೆಕ್ಕ ಸೇರಿಸಿ 60ಕ್ಕೆ ಏರುತ್ತದೆ, ಅದರ ವೈರು 10 ಸ್ಕ್ವೇರಿಗೆ. ಸೆಲ್ಫ್ ಸ್ಟಾರ್ಟರಿಗೆ ಹೋಗುವ ದಪ್ಪ ಕೇಬಲ್ಲಿಗೆ ಫ್ಯೂಸ್ ಇರುವುದಿಲ್ಲ, ಅದು ಬೇರೆಯೇ ಹೋಗಲಿ.

ಫ್ಯೂಸಿನ ಜಾಗದಲ್ಲಿ ಬರೀ ಎಲೆಕ್ಟ್ರಾನಿಕ್ ಮಾಡ್ಯೂಲ್ ಇರುವ ವಿದೇಶಿ ಕಿಟ್ಟುಗಳೂ ಇವೆ. ಕೆಟ್ಟರೆ ಕುಷ್ಟಗಿಯಲ್ಲಿ ಯಾರು ಬಿಚ್ಚುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಇದ್ದವರು ಮಾತ್ರ ಅತ್ತ ನೋಡಿ.

ಯಾವ ದಾರಿಯಾದರೂ ಕೊಳ್ಳುವಾಗ

ಅಗ್ಗದ ವೈರಿನಲ್ಲಿ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಹಚ್ಚಿದ್ದು ಬರುತ್ತಿದೆ. ಒಂದೆಳೆ ತೆಗೆದು ಬ್ಲೇಡಿನಿಂದ ಕೆರೆಯಿರಿ. ಒಳಗೂ ಕೆಂಪಾದರೆ ತಾಮ್ರ, ಬೆಳ್ಳಗಾದರೆ ಅಲ್ಲೇ ಬಿಟ್ಟು ಬನ್ನಿ. ಅದೇ ದಪ್ಪಕ್ಕೆ ಅದು ತಾಮ್ರದಷ್ಟು ಕರೆಂಟು ಹೊರುವುದಿಲ್ಲ, ಲಗ್ಗಿನೊಳಗೆ ಸಡಿಲವಾಗಿ ಬಿಸಿಯಾಗುತ್ತದೆ.

ಬ್ಲೇಡ್ ಫ್ಯೂಸಿನಲ್ಲೂ ನಕಲಿ ಇದೆ. ಬಣ್ಣ ಸರಿ ಇರುತ್ತದೆ: 5 ಕಂದು ಮಿಶ್ರಿತ ಹಳದಿ, 10 ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಒಳಗಿನ ತಗಡು ಮಾತ್ರ ದಪ್ಪ. ಪ್ಯಾಕೆಟ್ಟಿನ ಒಂದು 5 ಆಂಪಿಯರ್ ಫ್ಯೂಸನ್ನು ಬಲಿ ಕೊಟ್ಟು ನೋಡಿ: 60/55 ಬಲ್ಬಿನ ಎರಡೂ ತಂತಿಯ ಕಾಲುಗಳನ್ನು ಒಟ್ಟಿಗೆ ಸೇರಿಸಿ, ಆ ಫ್ಯೂಸಿನ ಮೂಲಕ ಬ್ಯಾಟರಿಗೆ ಕೊಡಿ. ಸುಮಾರು 9.5 ಆಂಪಿಯರ್ ಹರಿಯುತ್ತದೆ, ಹೆಚ್ಚುಕಡಿಮೆ ಎರಡರಷ್ಟು. ಒಳ್ಳೆ ಫ್ಯೂಸ್ ಕೆಲವೇ ಸೆಕೆಂಡಿನಲ್ಲಿ ಹೋಗಬೇಕು. ಹದಿನೈದು ಎಣಿಸಿದರೂ ಬಲ್ಬು ಉರಿಯುತ್ತಿದ್ದರೆ ಆ ಪ್ಯಾಕೆಟ್ ಇಡೀ ಕಸಕ್ಕೆ. ಪರೀಕ್ಷೆಯ ಹೊತ್ತಿಗೆ ಬಲ್ಬನ್ನು ಬರಿಗೈಲಿ ಹಿಡಿಯಬೇಡಿ.

ಹಾಗಾದರೆ ನಿಮ್ಮದು ಯಾವುದು

ಹೊಸಪೇಟೆ, ಬಳ್ಳಾರಿಯಲ್ಲಿ ಮದುವೆಗೆ ಬಾಡಿಗೆ ಹೋಗುವ ಬಿಳಿ ಅಂಬಾಸಿಡರ್, ಮೆರವಣಿಗೆಯಲ್ಲಿ ನಿಧಾನಕ್ಕೆ ಚಲಿಸುತ್ತ ಸೀರಿಯಲ್ ಲೈಟು, ಹಾಡು ಎಲ್ಲ ಬೇಕು ಎನ್ನುವುದಾದರೆ, ವೈರಿಂಗಿಗಿಂತ ಮೊದಲು ಆಲ್ಟರ್ನೇಟರ್. ಆಮೇಲೆ ಎರಡನೇ ದಾರಿ, ಹೂವಿನ ಸೀರಿಯಲ್ಲಿಗೇ ಒಂದು ಬೇರೆ ಫ್ಯೂಸ್. ಡೈನಮೊ ಇಟ್ಟುಕೊಂಡು ನಾಲ್ಕನೇ ದಾರಿಗೆ ಖರ್ಚು ಮಾಡಿದರೂ ಮೆರವಣಿಗೆ ನಡುವೆ ಬ್ಯಾಟರಿ ಇಳಿಯುವುದು ತಪ್ಪದು. ಭಾನುವಾರ ಮಾತ್ರ ಹೊರಬರುವ, ವೈರು ಚೆನ್ನಾಗಿರುವ ಪದ್ಮಿನಿಗೆ ಮೊದಲನೆಯದು ಮತ್ತು ಹೆಡ್‌ಲೈಟಿಗೆ ರಿಲೇ. ವಿಂಟೇಜ್ ನೋಂದಣಿಗೆ ಹೋಗುವ, ವೈರು ಸತ್ತ ಗಾಡಿಗೆ ಬಣ್ಣ ಸರಿ ಇರುವ ರೆಡಿ ಕಿಟ್. ರಿಲೇಗಳನ್ನು ಕಣ್ಣಿಗೆ ಬೀಳದಂತೆ ಗ್ರಿಲ್ ಹಿಂದೆ, ಕಾಲು ಕೆಳಗೆ ಮಾಡಿ ಕೂರಿಸಿ, ನೀರು ನಿಲ್ಲುವುದಿಲ್ಲ. ಹಣ ಈಗ ಕಡಿಮೆ, ವೈರು ಮಾತ್ರ ಪುಡಿಯಾಗುತ್ತಿದೆ ಎಂದರೆ ಒಂದೇ ಸಲಕ್ಕೆ ಬೇಡ: ಈ ತಿಂಗಳು ಮೇನ್ ಫ್ಯೂಸ್ ಮತ್ತು ಬ್ಯಾಟರಿ ಕಟ್ ಸ್ವಿಚ್, ಮುಂದೆ ಎಂಜಿನ್ ಭಾಗದ ವೈರು, ಡ್ಯಾಶ್‌ಬೋರ್ಡ್ ಹಿಂದಿನದು ಕೊನೆಗೆ. ಬೆಂಕಿ ಏಳುವುದು ಹೆಚ್ಚಾಗಿ ಬಾನೆಟ್ ಕೆಳಗೆ, ಈ ಅನುಕ್ರಮ ಅದಕ್ಕೇ. ನಿಂತ ಗಾಡಿಯ ಕಟ್ ಸ್ವಿಚ್ ತಿರುಗಿಸಿಟ್ಟರೆ ಇಲಿ ಕಡಿದರೂ ಕಿಡಿ ಹಾರುವುದಿಲ್ಲ.

ಹೊರತೆಗೆದ ಹಳೆ ವೈರಿಂಗನ್ನು ತಾಮ್ರದ ಆಸೆಗೆ ಕೂಡಲೇ ಗುಜರಿಗೆ ಹಾಕಬೇಡಿ. ಅದರ ತುದಿಯ ಹಿತ್ತಾಳೆ ಬುಲೆಟ್ ಕನೆಕ್ಟರು, ರಬ್ಬರ್ ಗ್ರಾಮೆಟ್ಟು, ಬಲ್ಬ್ ಹೋಲ್ಡರು ಈಗ ಹುಡುಕಿದರೂ ಸಿಗುವುದಿಲ್ಲ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯುವವರೆಗೆ ಚೀಟಿ ಸಮೇತ ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಡಿ; ಹೊಸ ವೈರಿಂಗಿನಲ್ಲಿ ಯಾವುದೋ ದೀಪ ತಲೆಕೆಳಗಾಗಿ ವರ್ತಿಸಿದ ದಿನ, ಕವಲು ಎಲ್ಲಿ ತಪ್ಪಿತೆಂದು ಹೋಲಿಸಿ ನೋಡಲು ಅದೊಂದೇ ಆಧಾರ.